ಕುಕ್ಕುಲೋಟದ ಗೆಲುವು

ನಾನು ನ್ಯೂಜಿಲೆಂಡಿನಲ್ಲಿ ಕುದುರೆ ಬಂಡಿಯ ರೇಸು ಗೆದ್ದವನು ಎಂದರೆ ಚಾಮರಾಜಪೇಟೆಯಲ್ಲಿ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಅವರ ತಪ್ಪೇನೂ ಇಲ್ಲ. ಅವರೆಲ್ಲ ನನ್ನನ್ನು ನೋಡಿರುವುದು ಬಸವನಗುಡಿಯ ಮದುವೆ ಮೆರವಣಿಗೆಗಳಲ್ಲಿ, ಮದುಮಗನನ್ನು ಸಾರೋಟಿನಲ್ಲಿ ಕೂರಿಸಿಕೊಂಡು ಬ್ಯಾಂಡ್‌ಸೆಟ್ಟಿನ ಹಿಂದೆ ತೆವಳುತ್ತಿರುವಾಗ. ಮುಂದೆ ಕುಣಿಯುವವರು ನಿಂತರೆ ನಾನೂ ನಿಲ್ಲಬೇಕು. ಗಾಂಧಿ ಬಜಾರಿನ ಒಂದು ತಿರುವು ದಾಟಲು ಮುಕ್ಕಾಲು ಗಂಟೆ ಹಿಡಿದದ್ದೂ ಉಂಟು.

ನಮ್ಮಪ್ಪ ಜಟಕಾ ಓಡಿಸುತ್ತಿದ್ದ. ಹಳ್ಳಿಯಲ್ಲಿ ಎತ್ತು ಕಟ್ಟುತ್ತಿದ್ದವನು ಬೆಂಗಳೂರಿಗೆ ಬಂದು ಕುದುರೆ ಕಟ್ಟಿದ. ಜಟಕಾದ ಕುದುರೆ ಒಂದೇ ತಾಳದ ಕುಕ್ಕುಲೋಟದಲ್ಲೇ ಹೋಗಬೇಕು, ಅದೇ ಕಸುಬು. ನಾಗಾಲೋಟಕ್ಕೆ ಬಿದ್ದರೆ ಒಳಗಿದ್ದ ಅಜ್ಜಿ, ಮಾಮೂಲ್‌ಪೇಟೆಯಲ್ಲಿ ಕೊಂಡ ಸಾಮಾನು, ಎಲ್ಲ ರಸ್ತೆಗೆ. ಮಲ್ಲೇಶ್ವರದ ಇಳಿಜಾರುಗಳಲ್ಲಿ ಅಪ್ಪ ಲಗಾಮನ್ನು ನನ್ನ ಕೈಗೆ ಕೊಟ್ಟು, "ಬಿಗೀಬೇಡ, ಪೂರ್ತಿ ಬಿಡ್ಲೂಬೇಡ. ಅದರ ಬಾಯಿ ನಿನ್ನ ಬೆರಳಿಗೆ ಗೊತ್ತಾಗ್ತಿರ್ಬೇಕು ಅಷ್ಟೆ. ಮಾತಾಡಿಸ್ತಾ ಇರು," ಎನ್ನುತ್ತಿದ್ದ. ಚಾಟಿ ಇತ್ತು, ಆದರೆ ಅದು ಬೆನ್ನು ಕೆರೆದುಕೊಳ್ಳುವುದಕ್ಕೆ. ಕುದುರೆಯ ಹತ್ತಿರ ಅಪ್ಪ ಹೇಳದ ವಿಷಯವೇ ಇರಲಿಲ್ಲ. ಅಮ್ಮನ ಮೇಲಿನ ದೂರುಗಳೂ ಅದರಲ್ಲಿ ಸೇರಿದ್ದವು.

ಆಟೋಗಳು ಹೆಚ್ಚಾಗಿ ಜಟಕಾ ಮೂಲೆ ಸೇರಿದ ಮೇಲೆ ನಾನು ಊರಾಚೆಯ ಒಂದು ಕುದುರೆ ಫಾರಮ್ಮಿನಲ್ಲಿ ಕೆಲಸಕ್ಕೆ ಸೇರಿದೆ. ಕುದುರೆ ಮಾರಲು ಅಲ್ಲಿಗೆ ಬಂದಿದ್ದ ನ್ಯೂಜಿಲೆಂಡಿನ ಯಜಮಾನನೊಬ್ಬ, ಬೆದರಿ ನಿಂತಿದ್ದ ಕುದುರೆಯನ್ನು ನಾನು ಬರೀ ಮಾತಿನಲ್ಲೇ ಲಾಯಕ್ಕೆ ಕರೆದುಕೊಂಡು ಹೋದದ್ದನ್ನು ನೋಡಿದ. ಎರಡು ವರ್ಷ ನಮ್ಮ ಲಾಯದಲ್ಲಿ ಕೆಲಸ ಮಾಡು ಬಾ ಎಂದು ಕರೆದ. ತೊಂಬತ್ತರ ದಶಕದ ಶುರುವಿನಲ್ಲಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಜೊತೆ, ನಾನು ವಿಮಾನ ಹತ್ತಿದೆ.

ಅಲ್ಲಿ ಹೋಗಿ ನೋಡಿದರೆ, ಅವರ ರೇಸಿನಲ್ಲಿ ಕುದುರೆ ನಾಗಾಲೋಟ ಓಡುವ ಹಾಗೇ ಇಲ್ಲ! ಎರಡು ಚಕ್ರದ ಹಗುರ ಬಂಡಿ, ಅದರ ಮೇಲೆ ಕಾಲು ಚಾಚಿ ಕೂತ ಸವಾರ, ಎಷ್ಟು ಜೋರಾದರೂ ಕುಕ್ಕುಲೋಟ. ಹದ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಲಗಾಮು ಎಳೆದು ಮತ್ತೆ ಹದಕ್ಕೆ ತರಬೇಕು, ಅಷ್ಟರಲ್ಲಿ ಉಳಿದವರು ಮುಂದೆ. ನನಗೆ ನಗು ತಡೆಯಲಾಗಲಿಲ್ಲ. ನಮ್ಮಪ್ಪ ದಿನಾ ಅಜ್ಜಿಯರನ್ನು ಕೂರಿಸಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಕಪ್ ಬೇರೆ ಕೊಡುತ್ತಿದ್ದರು.

ಎರಡು ವರ್ಷ ಲದ್ದಿ ಬಾಚಿದೆ, ಮೈ ತಿಕ್ಕಿದೆ, ಬೆಳಗಿನ ಅಭ್ಯಾಸಕ್ಕೆ ಬಂಡಿ ಓಡಿಸಿದೆ. ನಾನು ಊರಿಗೆ ಹೊರಡುವ ಹಿಂದಿನ ವಾರ ಯಜಮಾನ ಒಂದು ಸಣ್ಣ ರೇಸಿಗೆ ನನ್ನ ಹೆಸರು ಕೊಟ್ಟ. ವೃತ್ತಿಯವರಲ್ಲದ ಸವಾರರ ರೇಸು ಅದು. ನನಗೆ ಸಿಕ್ಕಿದ್ದು ಕೊನೆಯ ತಿರುವಿನಲ್ಲಿ ತಪ್ಪದೆ ಹದಗೆಡುವ ಒಂದು ವಯಸ್ಸಾದ ಕೆಂಪು ಹೆಣ್ಣುಕುದುರೆ. ಅದನ್ನು ಓಡಿಸಲು ಬೇರೆ ಯಾರೂ ಒಪ್ಪಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಗಾಡಿ ಹೊರಡುವ ಮುಂಚೆ ಚಕ್ರದ ಕೆಳಗೆ ನಿಂಬೆಹಣ್ಣು ಇಡದಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ. ಯಜಮಾನನ ಹಿತ್ತಲಿನಿಂದ ಎರಡು ಕಿತ್ತು ತಂದಿದ್ದೆ. ಅಲ್ಲಿಯ ನಿಂಬೆಹಣ್ಣು ನಮ್ಮ ಕಿತ್ತಳೆಯಷ್ಟು ದಪ್ಪ, ಹಗುರ ಬಂಡಿಯ ಚಕ್ರ ಅದರ ಮೇಲೆ ಹತ್ತುವ ಬದಲು ಅದನ್ನೇ ತಳ್ಳಿಕೊಂಡು ಹೋಯಿತು. ನಾನು ಇಳಿದು, ಹಣ್ಣನ್ನು ಕಾಲಿನಿಂದ ಒತ್ತಿ ಚಪ್ಪಟೆ ಮಾಡಿ, ಮತ್ತೆ ಇಟ್ಟೆ. ಒಬ್ಬ ಅಧಿಕಾರಿ ಬಂದು ಹಣ್ಣನ್ನು ಎತ್ತಿ ಮೂಸಿ ನೋಡಿ, ತಲೆ ಅಲ್ಲಾಡಿಸಿಕೊಂಡು ಹೋದ. ಪಕ್ಕದ ಬಂಡಿಯಲ್ಲಿದ್ದ ಕೆಂಪು ಮೀಸೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸುತ್ತಮುತ್ತ ಅವನನ್ನು ಮೀರಿಸುವವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಕೊನೆಯ ತಿರುವಿನವರೆಗೆ ಅವನೇ ಮುಂದಿದ್ದ. ನನ್ನ ಕುದುರೆಯ ಕಿವಿ ಹಿಂದಕ್ಕೆ ಬಿತ್ತು, ಇನ್ನೇನು ಹದ ತಪ್ಪುತ್ತದೆ ಎಂದು ನನ್ನ ಬೆರಳಿಗೆ ಗೊತ್ತಾಯಿತು. ಥೇಟ್ ಮಲ್ಲೇಶ್ವರದ ಇಳಿಜಾರು. "ಅಮ್ಮಣ್ಣಿ, ನಿಧಾನ ಕಣೇ, ಅವಸರ ಏನೂ ಇಲ್ಲ. ಮನೆಗೆ ಹೋದ್ಮೇಲೆ ಹುರುಳಿ ಬೇಯಿಸಿ ಕೊಡ್ತೀನಿ, ಬೆಲ್ಲ ಹಾಕ್ತೀನಿ," ಎಂದು ಮಾತಿಗಿಳಿದೆ. ಕಿವಿ ನಿಗುರಿತು, ಹೆಜ್ಜೆ ಕೆಡಲಿಲ್ಲ. ಮುಂದಿದ್ದ ಮೀಸೆಯವನು ಚಾಟಿ ಬೀಸಿದ. ಅವನ ಕುದುರೆ ನಾಗಾಲೋಟಕ್ಕೆ ಬಿತ್ತು. ಅವನು ಅದನ್ನು ಎಳೆದು ಹಿಡಿಯುವಷ್ಟರಲ್ಲಿ ನಾವಿಬ್ಬರೂ, ಅಂದರೆ ನಾನೂ ಅಮ್ಮಣ್ಣಿಯೂ, ಗೆರೆ ದಾಟಿದ್ದೆವು. ಮೀಸೆಯವನು ಬಂದು ನಗುತ್ತಾ ಕೈ ಕುಲುಕಿದ. ಯಜಮಾನ ಫೋಟೋ ತೆಗೆಸಿ ಕೊಟ್ಟ.

ಆ ಫೋಟೋವೇ ನನಗೆ ಮುಳುವಾಯಿತು. ಊರಿಗೆ ಬಂದ ವರ್ಷವೇ ವೈಯಾಲಿಕಾವಲ್‌ನಲ್ಲಿ ಹೆಣ್ಣು ನೋಡಿ ಮದುವೆಯಾದೆ. ನನ್ನ ಭಾಮೈದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಕೇರಂ ಹುಚ್ಚ. ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ, ರೇಸಿನ ಕಥೆ ಪೂರ್ತಿ ಕೇಳಿ, ಸಮಾಧಾನವಾಗಿ ಹೇಳಿದ:

"ಭಾವ, ಬೇಜಾರ್ ಮಾಡ್ಕೋಬೇಡಿ. ನೀವು ಮುಂದಿನ ವಾರ ಊರಿಗೆ ಹೊರಟಿದ್ರಿ ತಾನೆ? ಬಿಟ್ಕೊಟ್ಟಿರ್ತಾರೆ. ನಮ್ಮ ಆಫೀಸಲ್ಲೂ ರಿಟೈರ್ ಆಗೋರಿಗೆ ಕೊನೇ ದಿನ ಕೇರಂನಲ್ಲಿ ನಾವೇ ಗೆಲ್ಲಿಸಿ ಕಳಿಸ್ತೀವಿ. ರೆಡ್ ಪಕ್ಕಕ್ಕೆ ತಳ್ಳಿ, 'ಅಯ್ಯೋ ಮಿಸ್ ಆಯ್ತು ಸಾರ್' ಅಂತೀವಿ. ಪಾಪ, ಖುಷಿಯಾಗಿ ಮನೆಗೆ ಹೋಗ್ತಾರೆ."

"ಬಾಯ್ಮುಚ್ಕೊಳೋ," ಎಂದು ನನ್ನ ಹೆಂಡತಿ ತಮ್ಮನನ್ನು ಗದರಿದಳು. ನಾನು ನಕ್ಕುಬಿಟ್ಟೆ. ಆದರೆ ಆ ಮಾತು ಒಳಗೆ ಇಳಿದು ಅಲ್ಲೇ ಕೂತಿತು. ಅಷ್ಟು ವರ್ಷದ ಅನುಭವಸ್ಥ, ಕೊನೆಯ ತಿರುವಿನಲ್ಲಿ ಚಾಟಿ ಬೀಸುತ್ತಾನೆಯೇ? ಸೋತವನು ಹಾಗೆ ನಗುತ್ತಾ ಕೈ ಕುಲುಕುತ್ತಾನೆಯೇ? ರೇಸಿನ ಹಿಂದಿನ ದಿನವಷ್ಟೇ ಅವರೆಲ್ಲ ಸೇರಿ ನನಗೆ ಕೇಕು ಕತ್ತರಿಸಿ ವಿದಾಯ ಹೇಳಿದ್ದರಲ್ಲ! ನನಗೆ ಬದುಕಿನಲ್ಲಿ ಇದ್ದದ್ದೇ ಒಂದು ಗೆಲುವು. ಅದೂ ರಿಟೈರ್ ಆಗುವವರ ಕೇರಂ ಆಟವಾಗಿಬಿಟ್ಟರೆ ಹೇಗೆ ಎಂದು ನಿಜಕ್ಕೂ ಹೆದರಿದೆ. ಸಾರೋಟು ಕೊಂಡ ಮೇಲೆ ಮೆರವಣಿಗೆಯಲ್ಲಿ ಭಾಮೈದ ಎದುರಾದಾಗಲೆಲ್ಲ "ಏನ್ ಭಾವ, ಇವತ್ತೂ ಫಸ್ಟಾ?" ಎನ್ನುತ್ತಿದ್ದ. ಅವನಿಗೆ ತಮಾಷೆ, ನನಗೆ ಸಂಕಟ. ಗೋಡೆಯ ಮೇಲಿದ್ದ ಫೋಟೋವನ್ನು ಒಂದು ದಿನ ಇಳಿಸಿ ಬೀರುವಿನಲ್ಲಿಟ್ಟೆ. ಹೆಂಡತಿ ಏನೂ ಕೇಳದೆ ಅದನ್ನು ಮತ್ತೆ ಗೋಡೆಗೆ ಹಾಕಿದಳು.

ಹೀಗೆ ಹತ್ತು ವರ್ಷಕ್ಕೂ ಮೇಲಾದ ಮೇಲೆ, ನನ್ನ ಹಳೆಯ ಫಾರಮ್ಮಿನವರು ಅದೇ ಯಜಮಾನನಿಂದ ಎರಡು ಕುದುರೆ ಕೊಂಡರು. ವಿಮಾನದಲ್ಲಿ ಜೊತೆಗೆ ಬರಲು ಪಳಗಿದವರು ಬೇಕು, ಹೋಗಿ ಬರ್ತೀಯಾ ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಹೂಂ ಅಂದೆ. ಒಪ್ಪಿದ್ದು ಕುದುರೆಗಾಗಿ ಅಲ್ಲ ಎಂದು ನನ್ನ ಹೆಂಡತಿಗೆ ಗೊತ್ತಿತ್ತು. "ಸುಮ್ನೆ ವಾಪಸ್ ಬರ್ಬೇಡಿ, ಕೇಳ್ಕೊಂಡೇ ಬನ್ನಿ," ಎಂದು ಚಟ್ನಿಪುಡಿ ಕಟ್ಟಿಕೊಟ್ಟಳು.

ಯಜಮಾನನಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಮ್ಮಣ್ಣಿ ಹೋಗಿ ಮೂರು ವರ್ಷವಾಯಿತು ಎಂದ. ಲಾಯದಲ್ಲಿ ಅವಳಿದ್ದ ಜಾಗದ ಮುಂದೆ ಸ್ವಲ್ಪ ಹೊತ್ತು ನಿಂತೆ, ಕಣ್ಣು ತುಂಬಿತು. ಮಾರನೆಯ ದಿನ ರೇಸಿತ್ತು, ಇಬ್ಬರೂ ಹೋದೆವು. ನನ್ನ ನೆನಪಿನಲ್ಲಿ ಸಾಗರದಷ್ಟಿದ್ದ ಮೈದಾನ ಈಗ ಚಾಮರಾಜಪೇಟೆಯ ಈದ್ಗಾ ಮೈದಾನಕ್ಕಿಂತ ಸ್ವಲ್ಪ ದೊಡ್ಡದು ಅನ್ನಿಸಿತು. ಕೊನೆಯ ತಿರುವಿನ ಬೇಲಿಗೆ ಒರಗಿ ನಿಂತಿದ್ದವನನ್ನು ಮೀಸೆಯಿಂದಲೇ ಗುರುತು ಹಿಡಿದೆ. ಮೀಸೆ ಬೆಳ್ಳಗಾಗಿದ್ದರೂ ಗಾತ್ರ ಅದೇ.

ಅವನೂ ನನ್ನನ್ನು ಗುರುತಿಸಿದ. ನಗಲಿಲ್ಲ. ನನ್ನದು ಲಾಯದಲ್ಲಿ ಕಲಿತ ಇಂಗ್ಲಿಷು, ಸುತ್ತಿ ಬಳಸಿ ಕೇಳಲು ಬರುವುದಿಲ್ಲ. ನೇರವಾಗಿ ಕೇಳಿಬಿಟ್ಟೆ: ಅವತ್ತು ನಾನು ಊರಿಗೆ ಹೊರಟವನು ಅಂತ ನೀನು ಬಿಟ್ಟುಕೊಟ್ಟೆಯಾ?

ಅವನ ಮುಖ ಮೀಸೆಯ ಹಳೆಯ ಬಣ್ಣಕ್ಕೆ ತಿರುಗಿತು.

"ಬಿಟ್ಟುಕೊಡುವುದಾ? ನಿನಗಾ?" ಎಂದು ಗುಡುಗಿದ. "ನೀನು ಹಿಂದಿನಿಂದ ಏನೋ ಗೊಣಗುತ್ತಾ ಬರುತ್ತಿದ್ದೆ, ನಾನು ಗಾಬರಿಯಾಗಿ ಚಾಟಿ ಬೀಸಿದೆ. ಹಿಂದೆಂದೂ ಅಂಥ ತಪ್ಪು ಮಾಡಿದವನಲ್ಲ. ಅವತ್ತು ನಕ್ಕಿದ್ದು ಬರೀ ಮರ್ಯಾದೆಗೆ. ಆಮೇಲೆ ಒಂದು ವಾರ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ."

ನಾನು ಏನೋ ಹೇಳಹೊರಟೆ. ಅವನಿನ್ನೂ ಮುಗಿಸಿರಲಿಲ್ಲ.

"ಮುಂದಿನ ರೇಸಿನಿಂದ ನಾನೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಆರು ವರ್ಷ ಇಟ್ಟೆ. ಹಿತ್ತಲಿನ ಗಿಡ ಬೋಳಾಯಿತು, ಹೆಂಡತಿ ಬೈದಳು. ಒಂದು ಸಲವೂ ಗೆಲ್ಲಲಿಲ್ಲ. ಈಗಲಾದರೂ ನಿಜ ಹೇಳು, ಏನು ಮಾಡಿದೆ ನೀನು?"

"ಮಾತಾಡಿಸಿದೆ," ಎಂದೆ. "ಮನೆಗೆ ಹೋದ ಮೇಲೆ ಹುರುಳಿ ಬೇಯಿಸಿ ಕೊಡ್ತೀನಿ ಅಂದೆ. ಕೊಟ್ಟೆ ಕೂಡ."

ಅವನು ನಂಬಲಿಲ್ಲ. ಗುಟ್ಟು ಬಿಟ್ಟುಕೊಡದ ಜಿಪುಣ ಎನ್ನುವ ಹಾಗೆ ನನ್ನನ್ನು ನೋಡಿ, ಸರಸರ ನಡೆದು ಹೋದ. ಬೇಲಿ ಹಿಡಿದುಕೊಂಡು ನಾನು ನಕ್ಕೆ, ನಗುತ್ತಾ ನಗುತ್ತಾ ಅತ್ತೆ. ಪಕ್ಕದಲ್ಲಿ ಅಪ್ಪ ಇರಬೇಕಿತ್ತು ಅನ್ನಿಸಿತು. ಯಜಮಾನ ಏನಾಯಿತೋ ಎಂದು ಓಡಿ ಬಂದ.

ಮನೆಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಗಿನ ತಿಂಡಿಯ ಹೊತ್ತು, ಭಾಮೈದ ದೋಸೆಗೆ ಬಂದು ಕೂತಿದ್ದ. ಹೆಂಡತಿ ನನ್ನ ಮಾತನ್ನು ಪೂರ್ತಿ ಕೇಳಿ, "ನೀವೇ ಹೇಳಿ ಅವನಿಗೆ," ಎಂದು ಫೋನನ್ನು ತಮ್ಮನ ಕೈಗೆ ಕೊಟ್ಟಳು. ನಾನು ನಿಂಬೆಹಣ್ಣಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಹೇಳಿದೆ. ಆ ಕಡೆ ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿದ ಸದ್ದು ಕೇಳಿತು.

"ಭಾವ, ಇಷ್ಟು ವರ್ಷ ಆದ್ಮೇಲೂ ಆತ ಸಿಟ್ಟಲ್ಲೇ ಇದಾನಾ?"

"ಇದಾನೆ ಕಣೋ. ಮುಖ ತಿರುಗಿಸ್ಕೊಂಡು ಹೋದ."

"ಬಿಟ್ಕೊಟ್ಟೋರು ಯಾರೂ ಹಂಗೆ ಸಿಟ್ಟು ಮಾಡ್ಕೊಳಲ್ಲ ಭಾವ," ಎಂದ ಕೇರಂ ಗುಮಾಸ್ತ. "ಗೆದ್ದಿದೀರಾ ನೀವು."