ಮಂಜೂರಾಗದ ದಾರದುಂಡೆ

ಅಪ್ಪ ಕಬ್ಬಿಣದ ಗೇಟುಗಳಿಗೆ ಬೆಸುಗೆ ಹಾಕುತ್ತಿದ್ದ. ಮಗ ಒಂದು ಸಾಫ್ಟ್‌ವೇರಿಗೆ ಇನ್ನೊಂದು ಸಾಫ್ಟ್‌ವೇರನ್ನು ಬೆಸೆಯುವ ಕೆಲಸ ಹಿಡಿದ. ಹೀಗಾಗಿ ಅಪ್ಪನ ಅಡ್ಡಹೆಸರು ಮಗನಿಗೂ ಉಳಿಯಿತು: ಬೆಸುಗೆ. ಅಪ್ಪನ ಕೆಲಸದಲ್ಲಿ ಕಿಡಿ ಹಾರಿದ ಮೇಲೆ ಗೇಟು ನಿಲ್ಲುತ್ತಿತ್ತು. ಮಗನ ಕೆಲಸದಲ್ಲಿ ಕಿಡಿಯೇನೋ ಮೀಟಿಂಗಿನಲ್ಲಿ ಧಾರಾಳವಾಗಿ ಹಾರುತ್ತಿತ್ತು. ಗೇಟಿನ ಮಾತು ಆಮೇಲೆ.

ಅವನಿದ್ದದ್ದು ಗಾಜಿನ ಬಾಟಲಿ ಮಾಡುವ ದೊಡ್ಡ ಕಾರ್ಖಾನೆಯಲ್ಲಿ. ಅಲ್ಲಿ ಸಾಫ್ಟ್‌ವೇರ್ ಆರಿಸಲು ಒಂದು ಸಮಿತಿ, ಆ ಸಮಿತಿಯಲ್ಲಿ ಯಾರಿರಬೇಕೆಂದು ಆರಿಸಲು ಇನ್ನೊಂದು ಸಮಿತಿ. ಮಾರುವವರು ಬಂದು ಗೋಡೆಯ ಮೇಲೆ ಬಣ್ಣಬಣ್ಣದ ಚಕ್ರಗಳನ್ನು ತಿರುಗಿಸುತ್ತಿದ್ದರು, ಸಾಹೇಬರು ತಲೆದೂಗುತ್ತಿದ್ದರು. ದಿನವಿಡೀ ಅದರ ಮುಂದೆ ಕೂರಬೇಕಾದ ಗೋದಾಮಿನವರನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಕರೆದರೆ ಅವರು ಏನಾದರೂ ಕೇಳಿಬಿಟ್ಟರೆ? ಕೊನೆಗೆ ಬಂದದ್ದನ್ನು ಹಳೆಯದಕ್ಕೆ ಬೆಸೆದು ಬೆಸೆದು ಇವನ ತಲೆಗೂದಲು ಹಿಂದಕ್ಕೆ ಸರಿಯಿತು.

ನಡುವೆ ಮಂಚ ಮಾಡುವ ಕಂಪನಿಯೊಂದು ಅವನನ್ನು ಸಲಹೆಗೆ ಕರೆಯಿತು; ಅತ್ತ ದೊಡ್ಡದೂ ಅಲ್ಲ, ಇತ್ತ ಚಿಕ್ಕದೂ ಅಲ್ಲ. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಬೀಗರು ಯಾವುದು ಹಾಕಿಸಿದ್ದಾರೆ? ಬೀಗರದ್ದು ಸಿಮೆಂಟಿನ ವ್ಯಾಪಾರ. ಅದನ್ನೇ ಹಾಕಿಸಿದರು, ಬೀಗರಿಗಿಂತ ಒಂದು ಮಟ್ಟ ಮೇಲಿನದನ್ನು. ಇವತ್ತಿಗೂ ಅಲ್ಲಿ ಮಂಚಗಳನ್ನು ಮೂಟೆ ಲೆಕ್ಕದಲ್ಲೇ ಬರೆಯುತ್ತಾರಂತೆ.

ಇಷ್ಟೆಲ್ಲ ಕಂಡು ನಕ್ಕವನು ತನ್ನ ಅಕ್ಕನ ಅಂಗಡಿಗೆ ಬಂದಾಗ ಏನು ಮಾಡಿದ ಗೊತ್ತೆ? ಕಾರ್ಖಾನೆಯ ಸಾಫ್ಟ್‌ವೇರನ್ನೇ ತಂದು ಹಾಕಿದ. ಪ್ರೀತಿಯಿಂದ ಹಾಕಿದ, ಅದೇ ಕಷ್ಟ.

ಅಕ್ಕನದು ಕಿಟಕಿ ಬಾಗಿಲುಗಳ ಪರದೆ ಹೊಲಿಯುವ ಅಂಗಡಿ. ಒಂದು ಕೋಣೆ, ಎರಡು ಯಂತ್ರ, ಮೂರು ಜನ: ಅಕ್ಕ, ಭಾವ ಮತ್ತು ಕಂಪ್ಯೂಟರು ಮುಟ್ಟುವುದಿಲ್ಲವೆಂದು ಆಣೆ ಹಾಕಿದ್ದ ದರ್ಜಿ ಮಾಮ. ಅಪ್ಪ ತೀರಿಕೊಂಡ ಮೇಲೆ ಬೆಸುಗೆಯನ್ನು ಓದಿಸಿದ್ದು ಆ ಯಂತ್ರಗಳೇ. ಸಾಫ್ಟ್‌ವೇರಿಗೆ ವಿಭಾಗಗಳು ಬೇಕಲ್ಲ, ಹಂಚಿದ. ಅಕ್ಕ ಖರೀದಿ, ಮಾರಾಟ, ದೂರು. ಭಾವ ದಾಸ್ತಾನು, ಲೆಕ್ಕ, ಮಂಜೂರಾತಿ. ಬೇಡಿಕೆ ಇಟ್ಟವರೇ ಮಂಜೂರು ಮಾಡುವಂತಿಲ್ಲ ಎಂಬುದು ಕಟ್ಟುನಿಟ್ಟಿನ ನಿಯಮ. ಅಕ್ಕನಿಗೆ ಸೂಜಿ ಬೇಕಾದರೆ ಕಂಪ್ಯೂಟರಿನಲ್ಲಿ ಬರೆಯಬೇಕು, ಮೇಜಿನ ಆಚೆ ಕುಳಿತ ಭಾವ ಓದಬೇಕು.

ಮೊದಮೊದಲು ಇಬ್ಬರೂ ನಕ್ಕರು. ಆಮೇಲೆ ಭಾವನಿಗೆ ರುಚಿ ಹತ್ತಿತು. ಮದುವೆಯಾದಾಗಿನಿಂದ ಹೆಂಡತಿಯ ಮಾತಿಗೆ ಒಮ್ಮೆಯೂ ಇಲ್ಲವೆನ್ನಲು ಬಾಯಿ ಬರದಿದ್ದ ಮನುಷ್ಯನ ಕೈಗೆ ಇಲ್ಲವೆನ್ನುವ ಗುಂಡಿ ಸಿಕ್ಕಿತ್ತು. ಕತ್ತರಿ ಕೇಳಿದರೆ, ಕಾರಣ ಸಾಲದು. ಗುಂಡುಸೂಜಿ ಕೇಳಿದರೆ, ಹೋದ ವಾರದ್ದು ಏನಾಯಿತು? ಅಕ್ಕ ದೂರು ವಿಭಾಗದಿಂದ ಉತ್ತರ ಬರೆಯುತ್ತಿದ್ದಳು. ದರ್ಜಿ ಮಾಮ ಇಬ್ಬರ ನಡುವೆ ಕೈಕಟ್ಟಿ ಕೂರುತ್ತಿದ್ದ.

ಅಷ್ಟರಲ್ಲಿ ಒಂದು ನಾಟಕಮಂದಿರದಿಂದ ರಂಗದ ಮುಂಪರದೆಯ ಕೆಲಸ ಬಂತು. ಅಂಗಡಿ ಅಂಥ ದೊಡ್ಡ ಕೆಲಸವನ್ನು ಕಂಡೇ ಇರಲಿಲ್ಲ. ಶನಿವಾರ ಸಂಜೆಯ ಆಟಕ್ಕೆ ಪರದೆ ಮೇಲೇಳಬೇಕು. ತಪ್ಪಿದರೆ ಈ ಕೆಲಸವೂ ಮುಂದಿನದೂ ಹೆದ್ದಾರಿಯ ದೊಡ್ಡ ಅಂಗಡಿಗೆ. ಬಟ್ಟೆ ಬಂತು, ಕತ್ತರಿಸಿದ್ದಾಯಿತು. ಅರ್ಧ ಅಂಚು ಹೊಲಿದಾಗ ಕಡುಗೆಂಪು ದಾರ ಮುಗಿಯಿತು.

ಮುಂಚೆಯಾದರೆ ಅಕ್ಕ ಗೋಡೆಗೆ ಎರಡು ಏಟು ಹಾಕುತ್ತಿದ್ದಳು. ಗೋಡೆಯಾಚೆ ದಾರ, ಗುಂಡಿ ಮಾರುವ ದೊಡ್ಡಮ್ಮ ಕಿಟಕಿಯಿಂದ ಉಂಡೆ ಚಾಚುತ್ತಿದ್ದಳು. ಹೊಸದರಲ್ಲಿ ಒಮ್ಮೆ ಹಾಗೆ ತಂದ ದಾರವನ್ನು ದಾಸ್ತಾನಿಗೆ ಬರೆದದ್ದಕ್ಕೆ ಸ್ಕ್ರೀನೆಲ್ಲ ಕೆಂಪಾಗಿ, ಶಿಸ್ತು ಇಲ್ಲದೆ ಅಂಗಡಿ ಬೆಳೆಯುವುದು ಹೇಗೆ ಎಂದು ಬೆಸುಗೆ ಫೋನಿನಲ್ಲಿ ಗದರಿದ್ದ. ತಮ್ಮ ಹಾಕಿಕೊಟ್ಟದ್ದು ಕೆಡಬಾರದೆಂದು ಅಕ್ಕ ಅಂದಿನಿಂದ ಗೋಡೆ ಮುಟ್ಟಿರಲಿಲ್ಲ. ಈಗಲೂ ಬೇಡಿಕೆ ಬರೆದಳು. ದೊಡ್ಡಮ್ಮನ ಅಂಗಡಿ ನೋಂದಣಿಯಲ್ಲಿಲ್ಲ ಎಂದಿತು ಕಂಪ್ಯೂಟರು. ನೋಂದಣಿಗೂ ಬರೆದಳು. ಕಾದಳು. ಶುಕ್ರವಾರ ಮಧ್ಯಾಹ್ನ ತಾಳ್ಮೆ ಕೆಟ್ಟು ತಮ್ಮನಿಗೆ ಫೋನು ಹಚ್ಚಿದಳು.

ಬೆಸುಗೆ ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ ತೂಗಿಸಿಕೊಂಡೇ ಓಡಿ ಬಂದ. ಬಂದವನು ನೇರ ಭಾವನ ಮೇಲೆ ಹರಿಹಾಯ್ದ.

"ಭಾವ, ತಮಾಷೆಗೂ ಒಂದು ಮಿತಿ ಬೇಡ್ವಾ? ಅಕ್ಕನ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲ."

ಭಾವ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ. "ನಾನು ಸೋಮವಾರವೇ ಮಂಜೂರು ಒತ್ತಿದೀನಪ್ಪ. ಆಮೇಲೆ ಯಾರ ಹತ್ತಿರ ಕೂತಿದೆ, ನೀನೇ ಓದು."

ಹೊಸ ಅಂಗಡಿ ನೋಂದಾಯಿಸಲು ಮೂರನೆಯವರ ಸಮ್ಮತಿ ಬೇಕು. ದರ್ಜಿ ಮಾಮ ಒಲ್ಲೆನೆಂದಾಗ ಬೆಸುಗೆ ತನ್ನನ್ನೇ ಮೂರನೆಯವನಾಗಿ ಸೇರಿಸಿಕೊಂಡಿದ್ದ, ಮರೆತಿದ್ದ. ಅಂತಿಮ ಸಮ್ಮತಿಗೆ ಕಾದಿದೆ ಎಂಬ ಸಾಲಿನ ಕೆಳಗೆ ಅವನ ಹೆಸರೇ ಹೊಳೆಯುತ್ತಿತ್ತು. ಅಕ್ಕನ ಬೇಡಿಕೆ ಅವನ ಮೇಲ್‌ಗಳ ರಾಶಿಯಲ್ಲಿ, ಮೇಲ್‌ಗಳನ್ನು ಕಡಿಮೆ ಮಾಡುವುದು ಹೇಗೆಂಬ ಕಾರ್ಖಾನೆಯ ಮೇಲ್‌ಗಳ ಅಡಿಯಲ್ಲಿ ಉಸಿರುಗಟ್ಟಿ ಬಿದ್ದಿತ್ತು.

ಕಿವಿ ಕೆಂಪಗಾಗಿ ಫೋನು ತೆಗೆದು ಒತ್ತಲು ಹೋದ. ಪಾಸ್‌ವರ್ಡಿನ ಅವಧಿ ಮುಗಿದಿತ್ತು. ಕಾರ್ಖಾನೆಯ ಸಾಫ್ಟ್‌ವೇರಾದ್ದರಿಂದ ಹೊಸದಕ್ಕೆ ಅಲ್ಲಿನ ಸಾಹೇಬರು ಸಮ್ಮತಿಸಬೇಕು. ಸಾಹೇಬರು ರಜೆಯಲ್ಲಿದ್ದರು.

ಅಕ್ಕ ಅರ್ಧ ಹೊಲಿದ ಪರದೆಯನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಅದನ್ನು ನೋಡಲಾಗದೆ ಬೆಸುಗೆ ಫೋನನ್ನು ಮೇಜಿನ ಮೇಲಿಟ್ಟ, ಗೋಡೆಯ ಹತ್ತಿರ ಹೋದ, ಅಂಗೈಯಿಂದ ಎರಡು ಏಟು ಹಾಕಿದ.

"ದೊಡ್ಡಮ್ಮಾ, ಕಡುಗೆಂಪು ದಾರ ಇದೆಯಾ?"

"ಯಾರದು, ಬೆಸುಗೆನಾ?" ಗೋಡೆಯಾಚೆಯಿಂದ ದನಿ ಬಂತು. "ಇಷ್ಟು ದಿನ ಗೋಡೆ ಸದ್ದೇ ಇರ್ಲಿಲ್ಲ ಕಣೋ. ನಿಮ್ಮಕ್ಕ ನನ್ನ ಮೇಲೆ ಮುನಿಸ್ಕೊಂಡಿದಾಳೆ ಅಂತ ಸುಮ್ನಿದ್ದೆ. ಎಷ್ಟು ಬೇಕು?"

ಅಕ್ಕನ ಕಣ್ಣು ತುಂಬಿತು, ಭಾವನಿಗೆ ಕೆಮ್ಮು ಬಂತು. ಕಿಟಕಿಯಿಂದ ಬಂದ ಉಂಡೆಯನ್ನು ಭಾವ ದಾಸ್ತಾನಿಗೆ ಬರೆದದ್ದೇ ಸ್ಕ್ರೀನು ಕೆಂಪಾಗಿ ಕೂಗಿಕೊಳ್ಳತೊಡಗಿತು. ದರ್ಜಿ ಮಾಮ ಅದರ ಮೇಲೆ ಒಂದು ತುಂಡು ಬಟ್ಟೆ ಹೊದಿಸಿ ಯಂತ್ರ ತುಳಿದ. ಬೆಸುಗೆ ಪರದೆಯ ತುದಿ ಹಿಡಿದು ನಿಂತ. ಶನಿವಾರ ಸಂಜೆ ಪರದೆ ಮೇಲೆದ್ದಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಾಟಕದವರು ಪಕ್ಕದ ಪರದೆಗಳನ್ನೂ ಇಲ್ಲೇ ಹೊಲಿಸುವುದಾಗಿ ಹೇಳಿ ಹೋದರು.

ಸೋಮವಾರ ಅಕ್ಕ ಕೊನೆಯ ಬೇಡಿಕೆ ಬರೆದಳು: ಈ ಸಾಫ್ಟ್‌ವೇರನ್ನು ತೆಗೆಯಬೇಕು. ಮೇಜಿನಾಚೆ ಭಾವ ಬಹಳ ಹೊತ್ತು ಓದಿದ. ಆಮೇಲೆ ಗುಂಡಿ ಒತ್ತಿದ. ಕಾರಣ ಸಾಲದು.

"ರೀ," ಎಂದಳು ಅಕ್ಕ.

ಅಷ್ಟೇ. ಭಾವ ಎದ್ದು ಹೋಗಿ ತಾನೇ ಪ್ಲಗ್ಗು ಕಿತ್ತು, ದಾರ ತರಲು ಪಕ್ಕದ ಅಂಗಡಿಗೆ ನಡೆದ.