ಒಂದೇ ಬಟ್ಟೆಯ ಮೇಲೆ ಎರಡು ಡಿಸ್ಕು

ಬಸೀಲಿಯಾ ತಾರ್ಕಿಯ ಅಂಗಡಿಯಲ್ಲಿ ಅವಸರ ಮಾಡಿದವರ ಕೆಲಸವೇ ತಡವಾಗುತ್ತಿತ್ತು. ಓರೂರೋ ಊರಿನ ಇಂಜಿನಿಯರಿಂಗ್ ಕಾಲೇಜಿನ ಹಿಂದಿನ ಬೀದಿಯಲ್ಲಿ, ಒಂದು ಮೆಟ್ಟಿಲಿನ ಕೆಳಗಿನ ಜಾಗವನ್ನೇ ಅಂಗಡಿ ಮಾಡಿಕೊಂಡು, ಇಪ್ಪತ್ತಾರು ವರ್ಷಗಳಿಂದ ಅವಳು ಸೇತುವೆ, ಗಣಿ, ನೀರಿನ ತೊಟ್ಟಿಗಳ ನಕ್ಷೆಗಳನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಕೊಡುತ್ತಿದ್ದಳು. ಮುದ್ರಿಸುವುದಕ್ಕಿಂತ ಹೆಚ್ಚಾಗಿ, ನಕ್ಷೆಯ ಭಾರಿ ಫೈಲುಗಳನ್ನು ಬರೆದವರಿಂದ ಕಟ್ಟುವವರಿಗೆ ದಾಟಿಸುವುದೇ ಅವಳ ಕಸುಬಾಗಿತ್ತು. "ಬೇಗ ಕೊಡಿ ಅಮ್ಮಾ, ದೋನ್ಯಾ ಬಸೀ, ಬಸ್ಸು ಹೊರಡ್ತಾ ಇದೆ" ಎಂದು ಯಾರಾದರೂ ಬಾಗಿಲಲ್ಲಿ ಕುಣಿದರೆ ಅವಳು ಕನ್ನಡಕ ಒರೆಸಿಕೊಳ್ಳಲು ಕೂರುತ್ತಿದ್ದಳು.

ಅವಳ ಕ್ರಮ ಹೀಗಿತ್ತು. ಫೈಲನ್ನು ಅಂಗೈಯಗಲದ ಡಬ್ಬಿಯಂಥ ಡಿಸ್ಕಿಗೆ ಇಳಿಸಿದ ಮೇಲೆ ಡಿಸ್ಕನ್ನು ಪೂರ್ತಿ ಕಿತ್ತು ಮತ್ತೆ ಚುಚ್ಚಬೇಕು. ಮೂಲವನ್ನಲ್ಲ, ಇಳಿಸಿದ ನಕಲನ್ನೇ ತೆರೆಯಬೇಕು. ತೆರೆದಾಗ ಕೊನೆಯ ಹಾಳೆಯನ್ನು ಮೊದಲು ನೋಡಬೇಕು.

"ಮೊದಲನೇ ಹಾಳೆ ಹೊಸ ಅಳಿಯ ಇದ್ದ ಹಾಗೆ, ಯಾವತ್ತೂ ಚೆನ್ನಾಗೇ ಕಾಣ್ತಾನೆ" ಎನ್ನುವಳು. "ಕೊನೇ ಹಾಳೆ ನೋಡಿ ಆಮೇಲೆ ಮಾತಾಡು."

"ಮಗೂನ ಬಸ್ಸು ಹತ್ತಿಸೋ ಮುಂಚೆ ಮೂರು ಸಲ ಮೂಗು ಒರೆಸ್ತೀರಲ್ಲ ದೋನ್ಯಾ" ಎಂದು ಹುಡುಗರು ಕಿಚಾಯಿಸುತ್ತಿದ್ದರು.

"ಒರೆಸದೆ ಕಳಿಸಿದ್ದು ನಿಮ್ಮ ಮನೆಗೇ ಬಂದಾಗ ಗೊತ್ತಾಗತ್ತೆ, ಹೋಗ್ರೋ."

ಈ ಎಚ್ಚರ ಅವಳಿಗೆ ಓದಿನಿಂದ ಬಂದದ್ದಲ್ಲ. ಆರನೆಯ ತರಗತಿಗೆ ಶಾಲೆ ಬಿಟ್ಟವಳು. ಹದಿಮೂರು ವರ್ಷಕ್ಕೆ, ತವರ ಗಣಿಯ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುತ್ತಿದ್ದ ಸೋದರಮಾವನ ಕೈಕೆಳಗೆ ಸೇರಿದಳು. ಆಗ ನಕಲೆಂದರೆ ಅಮೋನಿಯದ ಹೊಗೆ, ಸುರಿಯುವ ಕಣ್ಣು, ನೀಲಿ ಗೆರೆ. ಒಂದು ದಿನ ಅವಳು ಒದ್ದೆ ಆರದ ಹಾಳೆಯನ್ನೇ ಸುತ್ತಿ ಕಳಿಸಿಬಿಟ್ಟಳು. ದಾರಿಯಲ್ಲಿ ಗೆರೆಗಳು ಕಲಸಿಕೊಂಡವು. ಬಡಗಿಗಳು ಕಂಡಷ್ಟನ್ನು ಓದಿಕೊಂಡು ಏಣಿ ಮಾಡಿದರು. ಅದು ಎರಡು ಮೊಳ ಗಿಡ್ಡವಾಯಿತು. ಮಾವ ಬೈಯಲಿಲ್ಲ. ಅವಳ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ ಆ ಏಣಿ ನಿಲ್ಲಿಸಿದ್ದ ಗಣಿಯ ಗೋಪುರದ ಕಡೆ ತೋರಿಸಿದ. ಮೇಲಿನಿಂದ ಇಳಿಯುತ್ತಿದ್ದ ಒಬ್ಬ ಕೆಲಸಗಾರ, ಇಲ್ಲದ ಮೆಟ್ಟಿಲನ್ನು ಹುಡುಕುತ್ತ ಒಂದು ಕಾಲನ್ನು ಗಾಳಿಯಲ್ಲಿ ಆಡಿಸುತ್ತಿದ್ದ. ಅವನು ಬೀಳಲಿಲ್ಲ. ಆದರೆ ಆ ಕಾಲು ಬಸೀಲಿಯಾಳ ಕಣ್ಣಿನಿಂದ ಹೋಗಲಿಲ್ಲ.

ಅವಳಿಗೆ ಮಕ್ಕಳಿಲ್ಲ. ಗೆಳತಿಯ ಮಗಳು ಯಾನೆತ್‌ಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತವಳು ಇವಳೇ, ಹಾಗಾಗಿ ಯಾನೆತ್‌ಗೆ ಇವಳು ಮದ್ರೀನಾ, ಹೆರದ ತಾಯಿ. ಹುಡುಗಿ ಮುದ್ರಣ ಯಂತ್ರದ ಕೆಳಗೆ ಕೂತೇ ಲೆಕ್ಕ ಮಾಡಿ ಬೆಳೆದಳು. ಇಂಜಿನಿಯರಾದಳು. ಇಪ್ಪತ್ತೇಳನೆಯ ವಯಸ್ಸಿಗೆ ಮೊದಲ ಸ್ವಂತ ಕೆಲಸ ಸಿಕ್ಕಿತು: ವಾಲ್ಯಪಾತ ಎಂಬ ಹಳ್ಳಿಯ ಬಳಿ ದೆಸಗ್ವದೇರೋ ನದಿಗೆ ಒಂದು ಕಾಲುಸೇತುವೆ. ಅಲ್ಲಿ ಜನ ಮಳೆಗಾಲದಲ್ಲಿ ತೆಪ್ಪದ ಮೇಲೆ ದಾಟುತ್ತಿದ್ದರು. ತೆಪ್ಪ ಮಗುಚಿದ ಕಥೆ ಪ್ರತಿ ಮನೆಯಲ್ಲೂ ಒಂದಿತ್ತು.

ಉಕ್ಕು ಕತ್ತರಿಸುವ ಕೆಲಸವನ್ನು ಒಪ್ಪಿಕೊಂಡವನು ತೆಯೋಫಿಲೋ ಕಾಯಾ. ಊರಾಚೆ ಕಾರ್ಖಾನೆ, ಮಾತಿನಲ್ಲಿ ಖಡಕ್ಕು.

"ಕಾರ್ನಿವಾಲ್ ಮುಗಿದ ಬುಧವಾರ ಬೆಳಿಗ್ಗೆ ಎಂಟಕ್ಕೆ ನಕ್ಷೆ ನನ್ನ ಮೇಜಿನ ಮೇಲಿದ್ರೆ ನಿಮ್ಮ ಸೇತುವೆ" ಎಂದಿದ್ದ. "ಇಲ್ದಿದ್ರೆ ಯಂತ್ರದ ಮೇಲೆ ಗಣಿಯೋರ ತೊಟ್ಟಿ ಹತ್ತಿಸ್ತೀನಿ. ಅದು ಇಳಿಯೋಕೆ ನಾಲ್ಕು ತಿಂಗಳು."

ನಾಲ್ಕು ತಿಂಗಳು ಕಳೆದರೆ, ಕಟ್ಟಲು ಬರುವ ನೀರಿಳಿದ ಕಾಲ ಅರ್ಧ ಮುಗಿದಿರುತ್ತದೆ. ಸೇತುವೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಯಾನೆತ್ ಶುಕ್ರವಾರವೇ ಫೈಲುಗಳನ್ನು ಮದ್ರೀನಾಳ ಕೈಗೆ ಒಪ್ಪಿಸಿ ಹಳ್ಳಿಗೆ ಹೋದಳು. ಬಸೀಲಿಯಾ ಅವನ್ನು ಎರಡು ಡಿಸ್ಕಿಗೆ ಇಳಿಸಿ, ಎರಡನ್ನೂ ತೆರೆದು ನೋಡಿ, ಒಂದನ್ನು ಅಂಗಡಿಯಲ್ಲೂ ಇನ್ನೊಂದನ್ನು ಮನೆಯ ಪೆಟ್ಟಿಗೆಯಲ್ಲೂ ಇಟ್ಟಳು. ಹಬ್ಬಕ್ಕೆ ಕಾರ್ಖಾನೆ ಬುಧವಾರದ ತನಕ ಮುಚ್ಚಿತ್ತು, ಹಾಗಾಗಿ ಮುದ್ರಣ ಮಂಗಳವಾರ ರಾತ್ರಿಗೆಂದುಕೊಂಡಳು. ಅಂಗಡಿಯ ಕಂಪ್ಯೂಟರಿನಿಂದ ಅಳಿಸಿದಳು. ಒಬ್ಬರ ನಕ್ಷೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಅವಳು ಯಾರ ಫೈಲನ್ನೂ ಅದರಲ್ಲಿ ಉಳಿಸುತ್ತಿರಲಿಲ್ಲ.

ಕಾರ್ನಿವಾಲಿನ ಮಂಗಳವಾರ ಚಾಲ್ಯದ ದಿನ. ಅನ್ನ ಕೊಡುವ ವಸ್ತುಗಳಿಗೆಲ್ಲ ಅಂದು ಹೂವಿನ ಎಸಳು, ಬಣ್ಣದ ಕಾಗದ, ಮದ್ಯದ ಹನಿ. ಮೊದಲ ಹನಿ ನೆಲಕ್ಕೆ, ಪಾಚಮಾಮಾ ತಾಯಿಗೆ. ಲಾರಿಯವನು ಲಾರಿಗೆ, ದರ್ಜಿ ಹೊಲಿಗೆ ಯಂತ್ರಕ್ಕೆ. ಉಪಕರಣಗಳನ್ನೆಲ್ಲ ಒಂದೇ ಬಟ್ಟೆಯ ಮೇಲೆ ಇಡಬೇಕು; ಬಿಟ್ಟುಹೋದದ್ದು ವರ್ಷವಿಡೀ ಮುನಿಸಿಕೊಳ್ಳುತ್ತದೆ. ಹಿಂದಿನ ವರ್ಷ ಬಸೀಲಿಯಾ ಕಾಗದ ಕತ್ತರಿಸುವ ಚಾಕುವನ್ನು ಮರೆತಿದ್ದಳು, ಆಮೇಲೆ ಅದು ಅವಳ ಬೆರಳನ್ನು ಎರಡು ಸಲ ಕೊಯ್ದಿತ್ತು. ಈ ವರ್ಷ ಅವಳು ಏನನ್ನೂ ಬಿಡಲಿಲ್ಲ. ಚಾಕು, ಅಳತೆಪಟ್ಟಿ, ಶಾಯಿ, ಅಂಗಡಿಯ ಡಿಸ್ಕು. ಮನೆಯ ಪೆಟ್ಟಿಗೆಯ ಡಿಸ್ಕನ್ನೂ ತಂದು ಅದರ ಪಕ್ಕದಲ್ಲೇ ಇಟ್ಟಳು. ನಾಲ್ಕು ದಿನ ಬೇರೆ ಬೇರೆ ಇಟ್ಟಿದ್ದನ್ನು ಒಟ್ಟಿಗೆ ಇಡುತ್ತಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ. ಮುನಿಸಿನ ಭಯವೊಂದೇ ತಲೆಯಲ್ಲಿತ್ತು.

ಅವಳ ಯಂತ್ರಗಳ ರಿಪೇರಿ ಮಾಡುವ ಸೆನೋನ್ ಪ್ರತಿವರ್ಷದಂತೆ ಮಧ್ಯಾಹ್ನ ಬಂದ. ಬರುವಾಗಲೇ ನಾಲ್ಕು ಅಂಗಡಿಯ ಚಾಲ್ಯ ಮುಗಿಸಿದ್ದ. ಕೈಯಲ್ಲಿ ಬಿಯರ್ ಬಾಟಲಿ.

"ಅಕ್ಕಾ, ವರ್ಷವೆಲ್ಲ ದುಡಿಯೋದು ಈ ಎರಡು ಡಬ್ಬಿ. ನೀನು ನೋಡಿದ್ರೆ ಬರೀ ಹನಿ ತೋರಿಸ್ತೀಯ. ಇವಕ್ಕೂ ಒಂದು ಗುಟುಕು ಬೇಡ್ವಾ?"

"ಹನಿ ಸಾಕು ಸೆನೋನ್. ಬಾಟಲಿ ಅಲ್ಲಾಡಿಸ್ಬೇಡ."

ಅಷ್ಟರಲ್ಲಿ ಅಲ್ಲಾಡಿಸಿ ಆಗಿತ್ತು. ನೊರೆ ಬಟ್ಟೆಯ ತುಂಬ ಹರಿಯಿತು. ಬಸೀಲಿಯಾ ಡಿಸ್ಕುಗಳನ್ನು ಬಾಚಿ ಎತ್ತಿಕೊಳ್ಳುವ ಹೊತ್ತಿಗೆ ಎರಡರ ಸೀಳುಗಳಿಂದಲೂ ಬಿಯರ್ ತೊಟ್ಟಿಕ್ಕುತ್ತಿತ್ತು. ಸೆನೋನ್ ಗಾಬರಿಯಲ್ಲಿ ಒಂದನ್ನು ಕಸಿದುಕೊಂಡು "ಏನಾಗಿಲ್ಲ ಅಕ್ಕಾ, ಈಗ ನೋಡು" ಎಂದು ಕಂಪ್ಯೂಟರಿಗೆ ಚುಚ್ಚಿದ. ಟಿಕ್ ಎಂದಿತು. ಡಿಸ್ಕಿನಿಂದ ಸುಟ್ಟ ವಾಸನೆ ಬಂತು. ಇನ್ನೊಂದನ್ನು ಬಸೀಲಿಯಾ ಅವನ ಕೈಗೆ ಸಿಗದಂತೆ ಎದೆಗೆ ಅವುಚಿಕೊಂಡು, ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಇಟ್ಟಳು. ಅದು ಒಳಗೆ ಪೂರ್ತಿ ಆರಬೇಕಾದರೆ ಮೂರು ದಿನ. ತೆಯೋಫಿಲೋ ಕೊಟ್ಟಿದ್ದು ನಾಳೆ ಬೆಳಿಗ್ಗೆಯ ತನಕ.

ಅವಳು ಯಾನೆತ್‌ಗೆ ಫೋನು ಮಾಡಿದಳು.

"ಡಿಸ್ಕು ಕೆಟ್ಟಿದೆ ಕಣೇ."

"ಎರಡೂನಾ?"

"ಎರಡೂ."

ಇವತ್ತು ಯಾವ ದಿನ ಎಂದು ಯಾನೆತ್‌ಗೂ ಗೊತ್ತಿತ್ತು. "ಮದ್ರೀನಾ, ಎರಡನ್ನೂ ಒಂದೇ ಬಟ್ಟೆ ಮೇಲೆ ಇಟ್ರಾ?"

"ಇಟ್ಟೆ."

ಬೈದಿದ್ದರೆ ಬಸೀಲಿಯಾಳಿಗೆ ಹಗುರವಾಗುತ್ತಿತ್ತು. ಆದರೆ ಹುಡುಗಿ, "ನನ್ನ ಲ್ಯಾಪ್‌ಟಾಪಲ್ಲಿ ಮೂಲ ಇದೆ. ಗುಡ್ಡದ ಮೇಲೆ ಸ್ವಲ್ಪ ಇಂಟರ್ನೆಟ್ ಸಿಗತ್ತೆ. ಹತ್ತಿ ಫೋನ್ ಮಾಡ್ತೀನಿ" ಎಂದಷ್ಟೇ ಹೇಳಿದಳು. ಹಳ್ಳಿಯಿಂದ ಗುರುವಾರದ ತನಕ ಬಸ್ಸಿಲ್ಲ; ಇದ್ದ ಒಬ್ಬ ಲಾರಿ ಚಾಲಕ ಲಾರಿಗಿಂತ ಹೆಚ್ಚು ಚಾಲ್ಯವನ್ನು ತನಗೇ ಮಾಡಿಕೊಂಡು ಮಲಗಿದ್ದ. ಮಳೆಗೆ ಕರೆಂಟಿನ ಕಂಬ ಬಿದ್ದಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧಕ್ಕಿಂತ ತುಸು ಹೆಚ್ಚಿತ್ತು.

ನದಿಯ ಅಳತೆಗಳೆಲ್ಲ ಸೇರಿ ಇಡೀ ಫೈಲು ಆನೆಯಷ್ಟಿತ್ತು. ಬಸೀಲಿಯಾ ಅದರಿಂದ ಉಕ್ಕಿನ ಮೂವತ್ತೊಂದು ಹಾಳೆಗಳನ್ನು ಮಾತ್ರ ಬೇರೆ ಮಾಡಿಸಿದಳು. ಅದನ್ನೂ ಇಡಿಯಾಗಿ ಕಳಿಸಲು ಹೋದಾಗ ಮೊದಲ ಸಲ ನಡುವೆಯೇ ಕಡಿಯಿತು. ಎರಡನೆಯ ಸಲ ಪೂರ್ತಿ ಬಂತು.

"ಬಂತಾ?" ಯಾನೆತ್‌ಳ ದನಿ ಅರಳಿತು.

ಬಸೀಲಿಯಾ ಕೊನೆಯ ಹಾಳೆ ತೆರೆದಳು. ಬರೀ ಬೂದು ಬಣ್ಣ. ಹಿಂದಕ್ಕೆ ಬಂದಳು, ಹತ್ತೊಂಬತ್ತರ ತನಕ ಎಲ್ಲ ಬೂದು. ಮೊದಲ ಹಾಳೆಯಲ್ಲಂತೂ ಸೇತುವೆ ಮದುವಣಿಗನಂತೆ ನಿಂತಿತ್ತು.

"ಬಂದಿಲ್ಲ" ಎಂದಳು. "ಇಡೀ ಬೆಲ್ಲದಚ್ಚು ಇರುವೆ ಹೊರಲ್ಲ. ನಲವತ್ತು ಚೂರು ಮಾಡು."

ಪ್ರತಿ ಚೂರಿಗೂ ಕಂಪ್ಯೂಟರು ಲೆಕ್ಕ ಹಾಕಿ ಕೊಡುವ ಒಂದು ಗುರುತಿರುತ್ತದೆ. ಒಳಗೆ ಒಂದು ಚುಕ್ಕಿ ಹೆಚ್ಚುಕಡಿಮೆಯಾದರೂ ಗುರುತೇ ಬೇರೆಯಾಗುತ್ತದೆ. ಯಾನೆತ್ ಒಂದು ಚೂರು ಕಳಿಸಿ ಅದರ ಗುರುತಿನ ಕೊನೆಯ ಆರು ಅಕ್ಷರಗಳನ್ನು ಓದುವಳು. ಬಸೀಲಿಯಾ ತನ್ನಲ್ಲಿಗೆ ಬಂದುದರ ಗುರುತನ್ನು ಓದುವಳು. ಒಂದೇ ಆದರೆ ಕಾಗದದಲ್ಲಿ ಒಂದು ಗೆರೆ. ಬೇರೆಯಾದರೆ ಆ ಚೂರು ಮತ್ತೊಮ್ಮೆ.

ಏಳನೆಯ ಚೂರಿಗೆ ಬೀದಿಯಲ್ಲಿ ಹಿತ್ತಾಳೆ ವಾದ್ಯದ ತಂಡ ಬಂತು. ಏನೂ ಕೇಳಿಸದಾಯಿತು.

"ಸೆನೋನ್, ಅವರನ್ನ ಆಚೆ ಬೀದಿಗೆ ಸಾಗಹಾಕು. ಅಷ್ಟಾದ್ರೂ ಮಾಡು."

ತಲೆ ತಗ್ಗಿಸಿ ಮೂಲೆಯಲ್ಲಿ ಕೂತಿದ್ದ ಸೆನೋನ್ ಎದ್ದು ಹೋದ. ತಂಡದ ಮುಂದೆ ತಾನೇ ಕುಣಿಯಲು ತೊಡಗಿ, ಕುಣಿಯುತ್ತಲೇ ಅವರನ್ನು ತಿರುವಿನಾಚೆ ಎಳೆದುಕೊಂಡು ಹೋದ. ತಿರುಗಿ ಬರುವಾಗ ಎರಡು ತಾಸು ಕಳೆದಿತ್ತು, ಕಿವಿಯೊಳಗೂ ಬಣ್ಣದ ಕಾಗದವಿತ್ತು.

ಇಪ್ಪತ್ತಮೂರನೆಯ ಚೂರು ಮೂರು ಸಲವೂ ತಪ್ಪಾಗಿ ಬಂತು.

"ಬಿಡಿ ಮದ್ರೀನಾ, ಒಂದು ಚೂರು ತಾನೆ. ಬ್ಯಾಟರಿ ಹದಿನಾಲ್ಕಕ್ಕೆ ಇಳಿದಿದೆ."

"ಯಾರ ಕಾಲು ಇಡೋ ಜಾಗ ಆ ಚೂರಲ್ಲಿದೆಯೋ ನಿಂಗೆ ಗೊತ್ತಾ? ಅದನ್ನ ಐದು ಮಾಡಿ ಕಳಿಸು."

ಐದಾಗಿ ಬಂದಾಗ ಸರಿಯಾಯಿತು. ನಲವತ್ತನೆಯ ಚೂರೂ ಬಂತು. ಯಾನೆತ್ ಅದರ ಗುರುತು ಓದಲು ಬಾಯಿ ತೆರೆದಳು. ಲ್ಯಾಪ್‌ಟಾಪು ಕಣ್ಣು ಮುಚ್ಚಿತು.

ಈಗ ಮೂವತ್ತೊಂಬತ್ತು ಗೆರೆ ಇತ್ತು, ನಲವತ್ತನೆಯದು ಇರಲಿಲ್ಲ. ಬಸೀಲಿಯಾ ಚೂರುಗಳನ್ನು ಜೋಡಿಸಿದಳು. ಕೊನೆಯ ಹಾಳೆ ತೆರೆಯಿತು. ಗೆರೆಗಳು ಸ್ವಚ್ಛವಾಗಿದ್ದವು. ಸೆನೋನ್ ಕೈ ತಟ್ಟಿದ. ಅವಳು ತಟ್ಟಲಿಲ್ಲ.

"ಹುಡುಗೀ, ನಿನ್ನ ಅಳತೆ ಪುಸ್ತಕ ಹತ್ತಿರ ಇದೆಯಾ? ಆ ಕೊನೇ ಚೂರಲ್ಲಿರೋದು ಕೊನೇ ಹಾಳೆ, ಅದನ್ನ ನಾನು ಓದ್ತೀನಿ. ನೀನು ಪುಸ್ತಕ ನೋಡಿ ಹೂಂ ಅನ್ನು."

ಒಬ್ಬಳು ಮೆಟ್ಟಿಲ ಕೆಳಗೆ, ಒಬ್ಬಳು ಗುಡ್ಡದ ಮೇಲೆ ಕಂಬಳಿ ಹೊದ್ದು. ತಟ್ಟೆಯ ದಪ್ಪ, ಹೂಂ. ಅಗಲ, ಹೂಂ. ಬುಡದ ದುಂಡು ತಟ್ಟೆ, ಬೋಲ್ಟಿನ ತೂತು ಹನ್ನೆರಡು.

ಹೂಂ ಬರಲಿಲ್ಲ.

"ಇನ್ನೊಂದ್ಸಲ ಓದಿ."

"ಹನ್ನೆರಡು."

"ಪುಸ್ತಕದಲ್ಲಿ ಹದಿನಾರಿದೆ."

ಫೈಲು ಕೆಟ್ಟೇ ಬಂದಿದೆ ಎಂದುಕೊಂಡಳು ಬಸೀಲಿಯಾ. ಯಾನೆತ್ ಮಾತಾಡಿದಾಗ ಅವಳ ದನಿ ಬಹಳ ಸಣ್ಣದಾಗಿತ್ತು.

"ಫೈಲು ಸರಿಯಾಗಿದೆ ಮದ್ರೀನಾ. ಮಣ್ಣು ಮೆತ್ತಗಿದೆ ಅಂತ ಡಿಸೆಂಬರಲ್ಲಿ ನಾನೇ ಹದಿನಾರು ಮಾಡಿದ್ದೆ. ಊರೋರು ಹದಿನಾರು ಬೋಲ್ಟು ನಿಲ್ಲಿಸಿ ಕಾಂಕ್ರೀಟೂ ಹಾಕಿದಾರೆ. ನಕ್ಷೇಲಿ ತಿದ್ದೋಕೆ ಮರೆತಿದೀನಿ. ನಾನೇ."

ಅವಳು ಅಳುತ್ತಿದ್ದಾಳೆಂದು ಬಸೀಲಿಯಾಳಿಗೆ ಗೊತ್ತಾಯಿತು. "ನಾನು ಡಿಸ್ಕಿಗೆ ಬಿಯರ್ ಕುಡಿಸಿದೆ, ನೀನು ನಾಲ್ಕು ತೂತು ಮರೆತೆ. ಮೂಗು ಒರೆಸ್ಕೋ. ಕೆಂಪು ಪೆನ್ನು ತಗೊಂಡಿದೀನಿ, ಹೇಳು."

ಹದಿನಾರು ತೂತು, ಅದೇ ವೃತ್ತದ ಮೇಲೆ, ಸಮ ಅಂತರದಲ್ಲಿ. ಬಸೀಲಿಯಾ ಹಾಳೆ ಮುದ್ರಿಸಿ, ಕೆಂಪಿನಲ್ಲಿ ತಿದ್ದಿ, ಬರೆದದ್ದನ್ನು ಹಿಂದಿರುಗಿಸಿ ಓದಿ ಹೇಳಿದಳು.

"ನೋಡಿದ್ಯಾ ಅಕ್ಕಾ" ಎಂದ ಸೆನೋನ್ ಧೈರ್ಯ ಬಂದು. "ಪಾಚಮಾಮಾ ಸುಮ್ಸುಮ್ನೆ ಕುಡಿಯಲ್ಲ."

"ನೀನು ಬಾಯಿ ಮುಚ್ಚಿ ಆ ನೆಲ ಒರೆಸು."

ಬುಧವಾರ ಎಂಟಕ್ಕೆ ಹತ್ತು ನಿಮಿಷ ಮುಂಚೆ ಹಾಳೆಗಳ ಸುರುಳಿ ತೆಯೋಫಿಲೋನ ಮೇಜಿನ ಮೇಲಿತ್ತು. ಅವನು ಒಂದೊಂದಾಗಿ ಮಗುಚುತ್ತ ಕೊನೆಯದರಲ್ಲಿ ನಿಂತ.

"ಈ ಕೆಂಪು ಇಂಜಿನಿಯರಿಂಗ್ ಯಾರದು? ನಿಮ್ಮದಾ ದೋನ್ಯಾ? ಅಂಗಡಿಯೋರು ಗೀಚಿದ್ದಕ್ಕೆಲ್ಲ ನಾನು ಉಕ್ಕು ಕೊರೆಯಲ್ಲ."

ಬಸೀಲಿಯಾ ವಾದ ಮಾಡಲಿಲ್ಲ. ಅವನ ಜಾಗದಲ್ಲಿದ್ದರೆ ಅವಳೂ ಹಾಗೇ ಹೇಳುತ್ತಿದ್ದಳು. ಯಾನೆತ್‌ಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟಳು.

"ಏನಮ್ಮ, ಹನ್ನೆರಡೋ ಹದಿನಾರೋ?" ಎಂದ ತೆಯೋಫಿಲೋ. "ಗ್ಯಾರಂಟೀನಾ? ಪುಸ್ತಕ ನೋಡಿ ಹೇಳ್ತಿದೀಯಾ?"

ಯಾನೆತ್ ಹೇಳಿದ್ದು ಪಕ್ಕದಲ್ಲಿದ್ದ ಬಸೀಲಿಯಾಳಿಗೂ ಕೇಳಿಸಿತು. "ಇಲ್ಲ ದೋನ್ ತೆಯೋಫಿಲೋ. ಬೆಳಕು ಹರಿಯುತ್ಲೇ ದಡಕ್ಕಿಳಿದು, ಒಂದೊಂದು ಬೋಲ್ಟೂ ಕೈಯಿಂದ ಮುಟ್ಟಿ ಎಣಿಸಿ ಬಂದೆ. ಎರಡು ಸಲ. ನಿಮ್ಮಲ್ಲಿಗೆ ಬಂದ ಕೂಡಲೇ ಆ ತಿದ್ದುಪಡಿಗೆ ಸಹಿ ಹಾಕ್ತೀನಿ."

ತೆಯೋಫಿಲೋ ಗಂಟಲು ಸರಿಮಾಡಿಕೊಂಡ. "ಸರಿ, ಇಂಜಿನಿಯರಮ್ಮ" ಎಂದ. ಅಲ್ಲಿಯವರೆಗೆ ಅವನು ಅವಳನ್ನು "ಆ ಹುಡುಗಿ" ಎಂದೇ ಕರೆಯುತ್ತಿದ್ದ.

ಉಕ್ಕಿನ ಹಲಗೆ ಯಂತ್ರದ ಮೇಲೆ ಬಂತು. ತೆಯೋಫಿಲೋ ಸೀಮೆಸುಣ್ಣದಲ್ಲಿ ವೃತ್ತ ಎಳೆದು ಗುರುತು ಮಾಡಿದ. ಬಸೀಲಿಯಾಳ ಕೆಲಸ ಮುಗಿದಿತ್ತು, ಅವಳು ಹೊರಡಬಹುದಿತ್ತು. ಹೊರಡಲಿಲ್ಲ. ಕೊರೆಯುವ ಸದ್ದಿಗೆ ಕಿವಿ ಮುಚ್ಚಿಕೊಳ್ಳದೆ, ಶಾಲು ಬಿಗಿಯಾಗಿ ಹೊದ್ದು, ಹದಿನಾರನೆಯ ತೂತಿನಿಂದ ಬೆಳಕು ಕಾಣುವ ತನಕ ಎಣಿಸುತ್ತ ನಿಂತಿದ್ದಳು.