ಅಪ್ಪನ ಜೋಡುನಳಿಗೆ ಕೋವಿ

ಸುಟ್ಟ ಸಿಡಿಮದ್ದಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ದೀಪಾವಳಿಗೆ ಮೊಮ್ಮಕ್ಕಳು ಪಟಾಕಿ ಹಚ್ಚಿದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತೇನೆ. ಬ್ರಿಟಿಷರ ಕಾಲದಲ್ಲಿ, ಭಾಗಮಂಡಲದ ಕಡೆಯ ನಮ್ಮ ಮನೆಯಲ್ಲಿ, ಅದೇ ಸಂತೋಷದ ವಾಸನೆಯಾಗಿತ್ತು ಎಂದರೆ ನೀವು ನಂಬಬೇಕು. ಆಗ ನಮ್ಮಲ್ಲಿದ್ದದ್ದು ಅಜ್ಜನ ಕಾಲದ ಒಂದು ಮುದಿ ಕೋವಿ. ಬೇಕೆಂದಾಗ ಹಾರದು, ಬೇಡವೆಂದಾಗ ಹಾರೀತು. ಅಪ್ಪ, ಚಿಕ್ಕಪ್ಪ ಇಬ್ಬರೂ ಅದನ್ನು ಬೈಯುತ್ತ, ನಗುತ್ತ ಕಾಡಿಗೆ ಒಯ್ಯುತ್ತಿದ್ದರು. ಸಿಕ್ಕಿದ ಹಂದಿ ಎಲ್ಲರಿಗೂ ಒಂದೇ ಒಲೆಯಲ್ಲಿ ಬೇಯುತ್ತಿತ್ತು.

ವಿಲಾಯಿತಿಗೆ ಮರಳಿ ಹೊರಟಿದ್ದ ಒಬ್ಬ ಬಿಳಿಯ ತೋಟದ ದೊರೆಯಿಂದ ಅಪ್ಪ ಜೋಡುನಳಿಗೆ ಕೋವಿ ತಂದ. ಅದಕ್ಕಾಗಿ ಉಳುವ ಎತ್ತುಗಳನ್ನು ಮಾರಿದ್ದ. ಚಿಕ್ಕಪ್ಪನನ್ನು ಒಂದು ಮಾತೂ ಕೇಳಿರಲಿಲ್ಲ. ಕೆಲವು ದಿನ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ನಗುವೇ ನಿಂತಿತು. ಯಾರು ಮುಟ್ಟಿದರೋ, ಯಾರ ಕಣ್ಣು ಬಿತ್ತೋ ಎಂದು ಊಟದ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದ. "ತೊಟ್ಟಿಲ್ ಕಟ್ಟಿ ಮಲಗ್ಸ್ ಮಗ," ಎಂದು ಅಜ್ಜಿ ಕೆಣಕಿದರೂ ಅವನಿಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಗದ್ದೆಗೆ ಹಂದಿಗಳು ನುಗ್ಗಿದವು. ಅಪ್ಪ ಮನೆಯಲ್ಲಿರಲಿಲ್ಲ. ಚಿಕ್ಕಪ್ಪ ಹೊಸ ಕೋವಿಯ ಎರಡೂ ನಳಿಗೆಗೆ ತೋಟೆ ತುಂಬಿ ಅಂಗಳಕ್ಕಿಳಿದ. ಅಷ್ಟರಲ್ಲಿ ಅಪ್ಪ ಎದುರಾದ. "ಹಂದಿ ಗದ್ದೆನೇ ಮುಗಿಸ್ತಾ ಉಟ್ಟು ಅಣ್ಣ, ಇದೊಂದ್ ಸಲ ಕೊಡ್," ಎಂದ ಚಿಕ್ಕಪ್ಪ. ಅಪ್ಪ ಸೌದೆ ಎತ್ತಿಕೊಂಡು ಅವನ ಹಣೆಗೆ ಬಾರಿಸಿದ. "ಇದ್ ನನ್ನ ಕೋವಿ!" ಎಂದು ಕಿರುಚುತ್ತ ಮತ್ತೆ ಮತ್ತೆ ಬಾರಿಸಿದ. ರಕ್ತ ಕಣ್ಣಿಗಿಳಿದರೂ ಚಿಕ್ಕಪ್ಪ ಬಿಡಲಿಲ್ಲ. ನಳಿಗೆಯ ಬಾಯನ್ನೇ ಅಂಗೈಯಿಂದ ಒತ್ತಿ ಹಿಡಿದಿದ್ದ. ಅಪ್ಪ ಸೌದೆ ಎಸೆದು ಕೋವಿಯ ಹಿಂಬದಿ ಹಿಡಿದು ಜಗ್ಗಿದ. ಬೇಕೆಂದೇ ಹಾರಿಸಿದನೋ, ಜಗ್ಗುವಾಗ ಹಾರಿತೋ, ನನಗೆ ಇಂದಿಗೂ ತಿಳಿಯದು. ಎರಡು ಗುಂಡು ಒಂದರ ಹಿಂದೊಂದು ಸಿಡಿದವು. ಹೊಗೆ ಸರಿದಾಗ ಚಿಕ್ಕಪ್ಪನ ಅಂಗೈ ಚಿಂದಿಯಾಗಿತ್ತು. ಅಪ್ಪ ಮೊದಲು ಒರೆಸಿದ್ದು ಕೋವಿಗೆ ಹತ್ತಿದ ರಕ್ತವನ್ನು. ಕಣ್ಣಾರೆ ಕಂಡ ನಾನು ಅವನನ್ನು ಆ ಕ್ಷಣ ದ್ವೇಷಿಸಿದೆ.

ನಮ್ಮಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. ಸದ್ದು ಕೇಳಿದ ನೆರೆಯವರು ಕೈಕೆಲಸ ಬಿಟ್ಟು ಗದ್ದೆಯ ಬದುವಿನ ಮೇಲೆ ಓಡಿ ಬಂದರು. "ಯಾರ್ ಹೋದ್ದ್ ಅವ್ವ?" ಎಂದು ಹಿರಿಯರೊಬ್ಬರು ಕೇಳಿದರು. ಚಿಕ್ಕಪ್ಪನ ಕೈಗೆ ಸೆರಗು ಸುತ್ತುತ್ತಿದ್ದ ಅಜ್ಜಿ ತಲೆಯೆತ್ತದೆ, "ನನ್ನ ಇಬ್ಬರ್ ಮಕ್ಕಳೂ ಹೋದೊ," ಎಂದಳು.

ಬಂದವರು ಮರಳಲಿಲ್ಲ, ಸಾವಿನ ಮನೆಯಲ್ಲಿ ಕೂರುವಂತೆ ಜಗಲಿಯಲ್ಲಿ ಕೂತರು. ಗಾಯ ಮಾಯ್ದ ಮೇಲೆ ಹುದಿಕೇರಿಯ ಕಡೆ ಹೊರಟುಹೋದ ಚಿಕ್ಕಪ್ಪ ಮತ್ತೆಂದೂ ನಮ್ಮ ಹೊಸಿಲು ತುಳಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಪ್ಪ ತೀರಿಕೊಂಡಾಗ, ಊರಿಗೆ ತಿಳಿಸಲು ನೆರೆಮನೆಯ ಕೋವಿ ಕೇಳಿ ತಂದೆವು. ಅಪ್ಪನದ್ದನ್ನು ಗೋಡೆಯಿಂದ ಇಳಿಸಲು ಯಾರಿಗೂ ಮನಸ್ಸಾಗಲಿಲ್ಲ.